ರಾಯಭಾರಿಯ ಲೇಖನಿಯಲ್ಲಿ ನಮ್ಮ ಚರಿತ್ರೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆ ಬಿಜಾಪುರದ ಆದಿಲ್‌ಶಾಹಿಗಳ ನಂತರ ಮರಾಠರ ಕೈಸೇರಿತು. 1818ರಲ್ಲಿ ಪೇಶ್ವೆಯ ರಾಜ್ಯ ಅಳಿದಾಗ ಅದರ ಪ್ರದೇಶಗಳ ಹೊಸ ವ್ಯವಸ್ಥೆಯ ಹೊಣೆ ಹೊತ್ತವನು ಬ್ರಿಟಿಷ್ ರಾಯಭಾರಿ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. ನಿಪ್ಪಾಣಿಯ ದೇಸಾಯಿ ಕಸಿದುಕೊಂಡಿದ್ದ ಚಿಕ್ಕೋಡಿ, ಮುನವಳ್ಳಿಗಳು ಆಗ ಕೊಲ್ಹಾಪುರಕ್ಕೆ ಮರಳಿದವು.

1779ರಲ್ಲಿ ಜನಿಸಿದ ಈತ ಹದಿನಾರರ ಹರೆಯದಲ್ಲೇ ಕಂಪನಿಯ ಸೇವೆಗೆಂದು ಕಲ್ಕತ್ತೆಗೆ ಬಂದು ಪಾರಸಿ ಕಲಿತನು. 1809ರಲ್ಲಿ ಪೇಶಾವರಕ್ಕೆ ಹೋಗಿ ಅಫಘಾನ್ ದೊರೆ ಶಾ ಶುಜಾನನ್ನು ಕಂಡನು. 1811ರಲ್ಲಿ ಪುಣೆಯ ರೆಸಿಡೆಂಟನಾದನು. 1817ರ ಯುದ್ಧದಲ್ಲಿ ಅವನ ನಿವಾಸವೂ ಪುಸ್ತಕಗಳೂ ಬೆಂಕಿಗೆ ಆಹುತಿಯಾದವು. 1819ರಿಂದ 1827ರವರೆಗೆ ಮುಂಬಯಿಯ ಗವರ್ನರನಾಗಿದ್ದು ನಿವೃತ್ತನಾದನು. ಗವರ್ನರ್ ಜನರಲ್ ಪದವಿಯನ್ನು ಎರಡು ಬಾರಿ ನಿರಾಕರಿಸಿದ ಆತ 1841ರಲ್ಲಿ ಭಾರತದ ಇತಿಹಾಸವನ್ನು ಪ್ರಕಟಿಸಿ, 1859ರಲ್ಲಿ ನಿಧನನಾದನು.

ಭಾರತಕ್ಕೆ ಕಾಲಿಡದೆ, ಇಲ್ಲಿನ ಭಾಷೆಗಳನ್ನರಿಯದೆ ಇತಿಹಾಸ ಬರೆದ ಜೇಮ್ಸ್ ಮಿಲ್‌ಗಿಂತ ಈತ ಭಿನ್ನನು. ಬಿಜಾಪುರದ ಆಸ್ಥಾನದಲ್ಲಿದ್ದು ಫಿರಿಶ್ತಾ ಬರೆದ ಪಾರಸಿ ಚರಿತ್ರೆ ಈತನ ಮುಖ್ಯ ಆಕರ. ಆದರೂ ಕಾಲವನ್ನು ‘ಹಿಂದೂ’, ‘ಮುಸ್ಲಿಮ್’ ಎಂದು ವಿಭಜಿಸಿದ ಮಿಲ್‌ನ ಗೆರೆಯನ್ನು ಈತನೂ ಅಳಿಸಲಿಲ್ಲ.

ಆ ಗೆರೆ ಇಂದಿಗೂ ನಮ್ಮ ಮನಸ್ಸುಗಳಲ್ಲಿದೆ. ಆದರೆ ಮೊದಲನೆಯ ಇಬ್ರಾಹೀಮ್ ಆದಿಲ್‌ಶಾಹನು ರಾಜ್ಯದ ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ಬದಲಿಸಿ ಬ್ರಾಹ್ಮಣರ ಕೈಗೆ ಒಪ್ಪಿಸಿದನೆಂದು ಬರೆದವನು ಅದೇ ಫಿರಿಶ್ತಾ. ಆ ಲೆಕ್ಕಪುಸ್ತಕ ಯಾವ ಮತದ ಕಾಲಕ್ಕೆ ಸೇರಿದ್ದು? ನಮ್ಮ ಊರುಗಳ ಗತಕಾಲ ಒಂದೇ ಮತದ ಹೆಸರಿನಲ್ಲಿ ಹಿಡಿಸದು. ಎಲ್ಫಿನ್‌ಸ್ಟನ್‌ನ ಪರಿಶ್ರಮವನ್ನು ಗೌರವಿಸೋಣ. ಅವನು ಉಳಿಸಿದ ಗೆರೆಯನ್ನು ನಮ್ಮ ಮಕ್ಕಳಿಗೆ ದಾಟಿಸದಿರೋಣ.