ಧರ್ಮಾಂಬುಧಿಯಿಂದ ನಂದಾ ರಸ್ತೆಯವರೆಗೆ: ಬೆಂಗಳೂರಿನ ಬೃಹತ್ ಯೋಜನೆಗಳು ಮತ್ತು ಜನಸಮ್ಮತಿ

ಹಳೆಯ ಬೆಂಗಳೂರಿನ ಜನ ಬೃಹತ್ ಯೋಜನೆಗಳನ್ನು ತಕರಾರಿಲ್ಲದೆ ಸ್ವಾಗತಿಸುತ್ತಿದ್ದರು, ಪರಿಸರದ ಹೆಸರಿನ ವಿರೋಧ ಈಚಿನದು ಎಂಬ ಅಭಿಪ್ರಾಯ ಸಾಮಾನ್ಯವಾಗಿ ಕೇಳಿಬರುತ್ತದೆ. ನಗರದ ನೀರಿನ ಚರಿತ್ರೆಯನ್ನು ಅವಲೋಕಿಸಿದರೆ ಇದು ಅರ್ಧಸತ್ಯವೆಂದು ತಿಳಿಯುತ್ತದೆ. ಯೋಜನೆಯನ್ನು ಒಪ್ಪಿದವರು ಯಾರು, ಅದರಿಂದ ಕಳೆದುಕೊಂಡವರು ಯಾರು ಎಂಬುದನ್ನು ಬೇರ್ಪಡಿಸಿ ನೋಡುವ ಪರಿಪಾಠ ನಮ್ಮಲ್ಲಿ ಕಡಿಮೆ.

19ನೆಯ ಶತಮಾನದ ಕೊನೆಯವರೆಗೂ ಪೇಟೆಯ ಜನಜೀವನ ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನೂ ಬಾವಿ, ಕಲ್ಯಾಣಿಗಳನ್ನೂ ಅವಲಂಬಿಸಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಜಲಾಶಯ ನಿರ್ಮಾಣಗೊಂಡು, ಸೋಲದೇವನಹಳ್ಳಿಯ ಉಗಿಯಂತ್ರಗಳು ಮೇಲೆತ್ತಿದ ನೀರು 1896ರಲ್ಲಿ ಕೊಳವೆಗಳ ಮೂಲಕ ನಗರವನ್ನು ತಲುಪಿತು. ಎರಡು ವರ್ಷಗಳ ತರುವಾಯ ಪ್ಲೇಗ್ ಮಾರಿ ಬಂದಿತು. ಪೇಟೆಯ ಇಕ್ಕಟ್ಟಿನಿಂದ ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ ಸರಿದ ಕುಟುಂಬಗಳಿಗೆ ಅಗಲವಾದ ಬೀದಿ, ಚರಂಡಿ, ನಲ್ಲಿಯ ನೀರು ವರಗಳಾಗಿಯೇ ಕಂಡಿರಬೇಕು. ಸಾವಿನ ಭಯ ಕಂಡವರ ಈ ಸಮ್ಮತಿಯನ್ನು ಲಘುವಾಗಿ ಕಾಣಲಾಗದು.

ಆದರೆ ದೂರದ ನೀರು ಬಂದೊಡನೆ ಹತ್ತಿರದ ಕೆರೆ ಅನಗತ್ಯವೆನಿಸಿತು; ಅದರ ಕಾಲುವೆಗಳನ್ನು ಕಾಯುವವರೂ ಇಲ್ಲವಾದರು. ಮೊದಲೇ ಸೊರಗಿದ್ದ ಧರ್ಮಾಂಬುಧಿಯ ಅಂಗಳ ಮುಂದೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಬಸವನಗುಡಿಯ ಕಾರಂಜಿ ಕೆರೆ ಕಟ್ಟಡಗಳಡಿ ಅಡಗಿತು. ಚಾಮರಾಜಪೇಟೆಯ ಸಮೀಪದ ಕೆಂಪಾಂಬುಧಿ ಉಳಿದರೂ ಕೊಳಚೆಯ ಪಾಲಾಯಿತು. ಸಂಪಂಗಿ ಕೆರೆಯ ಕಥೆ ಇನ್ನೂ ಮಾರ್ಮಿಕ. ಅದರ ನೀರನ್ನು ನಂಬಿ ತರಕಾರಿ, ಹೂವು ಬೆಳೆಯುತ್ತಿದ್ದ ತೋಟಗಾರರ ಹಿತಕ್ಕೂ ಕೆರೆ ಬತ್ತಿದ್ದರೇ ಒಳಿತೆಂದು ಬಗೆದವರ ಹಿತಕ್ಕೂ ತಿಕ್ಕಾಟವಾಯಿತು; ಗೆದ್ದವರು ತೋಟಗಾರರಲ್ಲ. ಇಂದು ಕಂಠೀರವ ಕ್ರೀಡಾಂಗಣದ ಮಗ್ಗುಲಲ್ಲಿ ಕರಗದ ವಿಧಿಗಳಿಗಾಗಿ ಉಳಿಸಿದ ಸಣ್ಣ ಕಲ್ಯಾಣಿಯೊಂದೇ ಅದರ ಕುರುಹು. ವಿರೋಧ ಅಂದೂ ಇತ್ತು, ಅದಕ್ಕೆ ಬಲವಿರಲಿಲ್ಲ.

ಒಂದು ಶತಮಾನದ ಬಳಿಕ, ವರ ಪಡೆದಿದ್ದ ಬಡಾವಣೆಗಳ ವಾರಸುದಾರರೇ ಪ್ರಶ್ನಿಸುವ ಸ್ಥಾನಕ್ಕೆ ಬಂದರು. 2009ರಲ್ಲಿ ಮೆಟ್ರೋ ಮಾರ್ಗಕ್ಕಾಗಿ ಬಸವನಗುಡಿಯ ಅಂಚಿನ ನಂದಾ ರಸ್ತೆಯ ಮರಗಳಿಗೆ ಕೊಡಲಿ ಬಿದ್ದಾಗ ನಾಗರಿಕರು ಬೀದಿಗಿಳಿದರು. ಲಾಲ್‌ಬಾಗಿನ ಅಂಚಿನ ಭೂಮಿಯನ್ನು ಬಿಟ್ಟುಕೊಡಲು 1975ರ ಉದ್ಯಾನ ಸಂರಕ್ಷಣಾ ಕಾಯ್ದೆಗೇ ತಿದ್ದುಪಡಿ ಬೇಕಾಯಿತು. ರೈಲು ಬೇಡವೆಂಬುದು ಪ್ರತಿಭಟನಕಾರರ ವಾದದ ತಿರುಳಾಗಿರಲಿಲ್ಲ. ಮಾರ್ಗ ನಿಶ್ಚಯಿಸುವ ಮುನ್ನ ತಮ್ಮನ್ನು ಏಕೆ ಕೇಳಲಿಲ್ಲ ಎಂಬುದಾಗಿತ್ತು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಯೋಜನೆಗಳೇ ಇಲ್ಲದ ಕಾರಣ, ಅದರಡಿ ಸಾರ್ವಜನಿಕ ವಿಚಾರಣೆ ಕಡ್ಡಾಯವಾಗಿರಲಿಲ್ಲ. ವಿಚಾರಣೆಯೇ ನಡೆಯದ ಕಡೆ ಜನರ ಮೌನವನ್ನು ಸಮ್ಮತಿಯೆಂದು ಎಣಿಸುವುದು ಚರಿತ್ರೆಕಾರನಿಗೆ ಸಲ್ಲದು.

ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯ ಪ್ರಸಂಗದಲ್ಲಿ ಈ ಪ್ರಶ್ನೆ ಇನ್ನಷ್ಟು ಗಟ್ಟಿಯಾಗಿ ಕೇಳಿಬಂತು. ಸುಮಾರು 6.7 ಕಿಲೋಮೀಟರ್ ಉದ್ದದ ಈ ಯೋಜನೆಗೆ 800ಕ್ಕೂ ಹೆಚ್ಚು ಮರಗಳು ಬಲಿಯಾಗಲಿದ್ದವು. 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ಮಾನವ ಸರಪಳಿ ರಚಿಸಿದರು. ಅದೇ ತಿಂಗಳು ಹಸಿರು ನ್ಯಾಯಮಂಡಳಿ ತಡೆಯಾಜ್ಞೆ ನೀಡಿತು. 2017ರ ಮಾರ್ಚಿಯಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅದೇ ವರ್ಷದ ಜೂನ್‌ನಲ್ಲಿ ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ವೃತ್ತಗಳ ನಿಲ್ದಾಣಗಳು ತೆರೆದಾಗ, ನಂದಾ ರಸ್ತೆಯ ಮರಗಳಿಗಾಗಿ ನಿಂತ ಬಡಾವಣೆಗಳ ಜನರೂ ಆ ರೈಲನ್ನು ಹತ್ತಿದರು.