ಒಂದು ಕಾವು, ಹಲವು ಅಲಗು: ಕೈಯುಪಕರಣಗಳ ಇತಿಹಾಸದಲ್ಲಿ ಒಂದು ವಿಚಾರ

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ ವೈಟ್‌ಫೀಲ್ಡಿಗೆ ಹೊಂದಿಕೊಂಡಿರುವ ಕಾಡುಗೋಡಿಯಲ್ಲಿ ಕ್ರಿ. ಶ. ೧೦೪೩ನೆಯ ವರ್ಷದ ತಮಿಳು ಶಾಸನವೊಂದು ದೊರೆತಿರುವುದು ಚರಿತ್ರಾಸಕ್ತರಿಗೆ ತಿಳಿದ ವಿಷಯವೇ ಆಗಿದೆ. ಒಂದನೆಯ ರಾಜೇಂದ್ರಚೋಳನ ಕಾಲದಲ್ಲಿ ಪೆರ್ಮಾಡಿ ಗಾವುಂಡನ ಮಗನಾದ ರಾಜರಾಜ ವೇಳಾನನು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ಅದಕ್ಕೆ ತೂಬುಗಳನ್ನಿಡಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲ ಈ ದೇವತೆಗಳಿಗೆ ಸ್ಥಾನಗಳನ್ನು ಮಾಡಿಸಿದನೆಂದು ಅದರಿಂದ ತಿಳಿಯಬರುತ್ತದೆ. ಪಟ್ಟಂದೂರು ಅಗ್ರಹಾರವೆಂಬ ಹೆಸರು ಇಂದಿಗೂ ಅಲ್ಲಿ ಬಳಕೆಯಲ್ಲಿದೆ. ಮಾಡಿಸಿದವನ ಹೆಸರೂ, ಅವನ ತಂದೆಯ ಹೆಸರೂ, ಅರಸನ ಹೆಸರೂ ಕಲ್ಲಿನ ಮೇಲೆ ಉಳಿದುವು. ಅಗೆದವರ ಹೆಸರು ಉಳಿಯಲಿಲ್ಲ; ಅವರು ಯಾವುದರಿಂದ ಅಗೆದರೆಂಬುದೂ ಉಳಿಯಲಿಲ್ಲ.

ಈ ಪ್ರಾಂತದ ನೆಲವನ್ನು ಬಲ್ಲವರಿಗೆ ಆ ಕೆಲಸದ ಕಷ್ಟವು ಗೊತ್ತಿದೆ. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಗರಸು, ಅದಕ್ಕೂ ಕೆಳಗೆ ನೈಸ್ ಎಂಬ ಅತಿ ಪುರಾತನವಾದ ಶಿಲೆ. ಮಣ್ಣಿಗೆ ಅಗಲವಾದ ಅಲಗು ಬೇಕು. ಗರಸಿಗೆ ಮೊನೆಯುಳ್ಳುದು ಬೇಕು. ಗಿಡದ ಬೇರಿಗೆ ಕೊಡಲಿಯ ಬಾಯಿ ಬೇಕು. ಮೂರು ಕೆಲಸಕ್ಕೆ ಮೂರು ಉಪಕರಣಗಳನ್ನು ಹೊತ್ತುಕೊಂಡು ಹೋಗಬೇಕೆ? ಒಂದೇ ಕಾವಿಗೆ ಬೇಕಾದಾಗ ಬೇಕಾದ ಅಲಗನ್ನು ತೊಡಿಸಿಕೊಳ್ಳಬಹುದೆ? ಈ ಎರಡನೆಯ ಉಪಾಯವು ನಮ್ಮ ದೇಶದಲ್ಲಿ ಯಾವಾಗಿನಿಂದ, ಎಷ್ಟರಮಟ್ಟಿಗೆ ಇದ್ದಿತೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶವು.

ಈ ವಿಷಯದಲ್ಲಿ ಎರಡು ಪಕ್ಷಗಳು ಕೇಳಿಬರುವುವು. ಬಿಡಿಭಾಗಗಳನ್ನು ಅದಲುಬದಲು ಮಾಡುವುದು ಯೂರೋಪ್ ಅಮೆರಿಕಾ ಖಂಡಗಳವರ ಬುದ್ಧಿಯೇ ಹೊರತು ಇಲ್ಲಿಯದಲ್ಲವೆಂಬುದು ಒಂದು ಪಕ್ಷ. ಇದೆಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿದ್ದಿತು, ಹೊಸದೇನೂ ಇಲ್ಲವೆಂಬುದು ಇನ್ನೊಂದು. ಈ ಎರಡನೆಯ ಪಕ್ಷವನ್ನು ನಾನೂ ಕೆಲಕಾಲ ಹಿಡಿದಿದ್ದೆನೆಂದು ಒಪ್ಪಿಕೊಳ್ಳಬೇಕಾಗಿದೆ. ವಿಚಾರಮಾಡಿದಲ್ಲಿ ಎರಡೂ ನಿಲ್ಲುವುದಿಲ್ಲ. ಇವೆರಡೂ ಒಂದೇ ತಪ್ಪನ್ನು ಮಾಡುತ್ತಿವೆ. ಬಿಚ್ಚಬರುವುದಕ್ಕೂ ಬದಲಿಸಬರುವುದಕ್ಕೂ ಇರುವ ಭೇದವನ್ನು ಮರೆತಿವೆ.

ಮೊದಲು ಪ್ರಾಚೀನ ಪ್ರಮಾಣಗಳನ್ನು ನೋಡೋಣ. ಋಗ್ವೇದದ ಮೊದಲನೆಯ ಮಂಡಲದ ೧೭೯ನೆಯ ಸೂಕ್ತದಲ್ಲಿ ಅಗಸ್ತ್ಯನು ಅಗೆಯುವ ಸಂದರ್ಭದಲ್ಲಿ ಖನಿತ್ರದ ಹೆಸರು ಬಂದಿದೆ. ಎಂಟನೆಯ ಮಂಡಲದ ೨೯ನೆಯ ಸೂಕ್ತದಲ್ಲಿ ಲೋಹದ ವಾಶಿಯು, ಎಂದರೆ ಬಾಚಿಯು, ಕೈಯಲ್ಲಿ ಹಿಡಿಯಲ್ಪಟ್ಟಿದೆ. ಶತಪಥಬ್ರಾಹ್ಮಣದ ಅಗ್ನಿಚಯನಪ್ರಕರಣದಲ್ಲಿ ಮಣ್ಣನ್ನು ಅಗೆಯುವ ಅಭ್ರಿಯು ಬಿದಿರಿನದೆಂದೂ, ಅದಕ್ಕೆ ಒಂದು ಕಡೆ ಹರಿತವಿರಬಹುದು ಅಥವಾ ಎರಡು ಕಡೆಯೂ ಇರಬಹುದೆಂದೂ ವಿಚಾರವುಂಟು. ಎರಡು ಕಡೆಯ ಹರಿತವೆಂಬುದು ಒಂದು ಹಿಡಿಯಿಂದ ಎರಡು ಪ್ರಯೋಜನಗಳನ್ನು ಪಡೆಯುವ ಯೋಚನೆಯೇ ಸರಿ. ಆದರೆ ಇಲ್ಲಿ ಅಲಗನ್ನು ಕಳಚಿ ಬೇರೊಂದನ್ನು ತೊಡಿಸುವ ಮಾತಿಲ್ಲ. ಇಲ್ಲದುದನ್ನು ಇದೆಯೆಂದು ಹೇಳಿದರೆ ಶ್ರುತಿಗೆ ಗೌರವವನ್ನು ತೋರಿದಂತಾಗುವುದಿಲ್ಲ.

ಗ್ರಂಥಗಳಿಗಿಂತ ನೆಲದೊಳಗಿನ ಪದಾರ್ಥಗಳು ಇಲ್ಲಿ ಹೆಚ್ಚು ಸ್ಪಷ್ಟವಾಗಿ ಸಾಕ್ಷಿ ನುಡಿಯುವುವು. ಬಳ್ಳಾರಿಯ ಬಳಿಯ ಸಂಗನಕಲ್ಲು, ಕುಪ್ಪಗಲ್ಲುಗಳ ಹಿರೇಗುಡ್ಡದಲ್ಲಿ ನೂತನಶಿಲಾಯುಗದ ಜನರು ಕರಿಕಲ್ಲಿನಿಂದ ಕೊಡಲಿಗಳನ್ನು ರಾಶಿರಾಶಿಯಾಗಿ ಮಾಡುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ವ್ಹೀಲರ್ ಪಂಡಿತರು ಅಗೆಸಿದಾಗಲೂ ಕೆಳಗಿನ ಸ್ತರಗಳಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳು ದೊರೆತುವು. ಇವುಗಳ ಮರದ ಕಾವುಗಳು ಮಣ್ಣಾಗಿ ಹೋಗಿವೆ. ಆದರೂ ಕಾವಿಲ್ಲದೆ ಅವುಗಳಿಂದ ಮರವನ್ನು ಕಡಿಯಲಾಗದು. ಅನಂತರ ಬಂದ ಬೃಹತ್ ಶಿಲಾಸಮಾಧಿಗಳ ಕಾಲದ ಕಬ್ಬಿಣದ ಚಪ್ಪಟೆ ಕೊಡಲಿಗಳಲ್ಲಿ ಒಂದು ವಿಶೇಷವನ್ನು ಕಾಣುತ್ತೇವೆ. ಕೊಡಲಿಯನ್ನು ಕಾವಿಗೆ ಒತ್ತಿಹಿಡಿಯಲು ಒಂದನ್ನೊಂದು ಅಡ್ಡಹಾಯ್ದ ಕಬ್ಬಿಣದ ಪಟ್ಟಿಗಳನ್ನು ಬಳಸುತ್ತಿದ್ದರು. ದಕ್ಷಿಣಾಪಥದ ಸಮಾಧಿಗಳಲ್ಲಿ ಇಂತಹವು ದೊರೆತಿವೆ. ಪಟ್ಟಿಗಳನ್ನು ಸಡಿಲಿಸಿದರೆ ಕೊಡಲಿಯು ಕಳಚಿಬರುವುದು. ಆದುದರಿಂದ ಕಾವು ಬೇರೆ, ಅಲಗು ಬೇರೆ, ಇವುಗಳ ಕೂಟವು ಮೂರನೆಯದು ಎಂಬ ವಿವೇಕವು ಈ ನಾಡಿನಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನದು. ಬಿಚ್ಚಬರುವಿಕೆಯು ಇಷ್ಟರಿಂದ ಸಿದ್ಧವಾಯಿತು. ಬದಲಿಸಬರುವಿಕೆಯು ಇನ್ನೂ ಸಿದ್ಧವಾಗಲಿಲ್ಲ.

ಎರಡನೆಯದನ್ನು ನಾನು ಅರಿತುದು ಗ್ರಂಥದಿಂದಲ್ಲ. ಸುಮಾರು ನಲವತ್ತು ವರ್ಷಗಳ ಹಿಂದೆ ನಾನು ಓದುತ್ತಿದ್ದ ಸಂಸ್ಕೃತ ಪಾಠಶಾಲೆಗೆ ಒಂದು ಸಣ್ಣ ತೋಟವಿದ್ದಿತು. ವಿದ್ಯಾರ್ಥಿಗಳು ಸರದಿಯಂತೆ ಅದರಲ್ಲಿ ಕೆಲಸಮಾಡಬೇಕು. ತೋಟದ ಮುದುಕನ ಬಳಿ ಒಂದೇ ಕಾವು, ಮೂರು ಅಲಗುಗಳು: ಗುದ್ದಲಿ, ಪಿಕಾಸಿ, ಕೊಡಲಿ. ಕಾವಿನ ಒಂದು ತುದಿಯು ದಪ್ಪ, ಇನ್ನೊಂದು ತೆಳ್ಳಗೆ. ತೆಳ್ಳನೆಯ ತುದಿಯನ್ನು ಅಲಗಿನ ರಂಧ್ರದಲ್ಲಿ ತೂರಿಸಿ ಅಲಗನ್ನು ದಪ್ಪನೆಯ ತುದಿಯವರೆಗೆ ಎಳೆದುಬಿಟ್ಟರೆ ಅದು ಬಿಗಿದು ನಿಲ್ಲುತ್ತಿದ್ದಿತು. ಬೀಸಿದಷ್ಟೂ ಅಲಗು ಹೊರಕ್ಕೆ ಹೋಗಲು ಯತ್ನಿಸಿ ಇನ್ನಷ್ಟು ಬಿಗಿಯುವುದು. ಬೆಣೆಯೂ ಬೇಡ, ಮೊಳೆಯೂ ಬೇಡ. ಕಳಚಬೇಕಾದಾಗ ಅಲಗನ್ನು ಮೇಲುಮಾಡಿ ತೆಳ್ಳನೆಯ ತುದಿಯನ್ನು ಕಲ್ಲಿನ ಮೇಲೆ ಎರಡು ಸಲ ಕುಟ್ಟಿದರೆ ಸಾಕು, ಅಲಗು ತಾನಾಗಿ ಕೆಳಕ್ಕೆ ಜಾರುವುದು. ಇದನ್ನು ನೋಡಿ ನಾವು ಬೆರಗಾಗುತ್ತಿದ್ದೆವು. ಮುದುಕನಿಗೆ ಅದರಲ್ಲಿ ಬೆರಗೇನೂ ಇರಲಿಲ್ಲ.

ಒಂದು ವರ್ಷ ಗುದ್ದಲಿಯು ಸವೆದುಹೋಗಲಾಗಿ ಸಂತೆಯಿಂದ ಹೊಸದೊಂದನ್ನು ತಂದರು. ಅದರ ರಂಧ್ರವು ಸ್ವಲ್ಪ ಅಗಲ. ಅರಿವೆಯ ಚೂರನ್ನು ಸುತ್ತಿ ತೊಡಿಸಿದೆವು. ನಾನು ಬೀಸಿದ ನಾಲ್ಕನೆಯ ಏಟಿಗೆ ಗುದ್ದಲಿಯು ಹಾರಿ, ಎದುರಿಗಿದ್ದ ಸಹಪಾಠಿಯ ಮೊಣಕಾಲಿನ ಪಕ್ಕದಲ್ಲಿ ಹೋಗಿ ನೆಟ್ಟಿತು. ಅಂಗೈಯಗಲದಷ್ಟು ಈಚೆಗೆ ಬಿದ್ದಿದ್ದರೆ ಆ ಹುಡುಗನು ಕುಂಟನಾಗುತ್ತಿದ್ದನು. ಮರುದಿನ ಅದನ್ನೆತ್ತಿಕೊಂಡು ಊರ ಕಮ್ಮಾರನ ಬಳಿಗೆ ಹೋದೆನು. ಆತನು ಗುದ್ದಲಿಯನ್ನು ನೋಡುವುದಕ್ಕೆ ಮೊದಲೇ, “ಕಾವೆಲ್ಲಿ ಸ್ವಾಮೀ? ಕಾವು ತರದೆ ಅಲಗು ತಂದರೆ ನಾನೇನು ಮಾಡಲಿ?” ಎಂದು ಕೇಳಿದನು. ಕಾವನ್ನು ತಂದ ಮೇಲೆ, ಕಬ್ಬಿಣವನ್ನು ಕಾಯಿಸಿ ರಂಧ್ರವನ್ನು ಬಡಿದು ಕುಗ್ಗಿಸಿ, ಒಂದು ಕಡೆಗೆ ಸಪುರವಾದ ಕಬ್ಬಿಣದ ಗೂಟವನ್ನು ಅದರಲ್ಲಿ ಹೊಡೆದು ಸರಿಮಾಡಿದನು. ಹಳೆಯ ಮೂರು ಅಲಗುಗಳ ರಂಧ್ರಗಳನ್ನೂ ಅದೇ ಗೂಟದಿಂದಲೇ ಬಿಡಿಸಿದ್ದನೆಂದೂ, ಆ ಗೂಟವು ತನ್ನ ತಂದೆಯದೆಂದೂ ಹೇಳಿದನು.

ಈ ಗೂಟವೇ ನಮ್ಮ ಪ್ರಶ್ನೆಗೆ ಉತ್ತರವು. ಒಂದು ಗೂಟದಿಂದ ಹುಟ್ಟಿದ ರಂಧ್ರಗಳೆಲ್ಲವೂ ಒಂದೇ ಕಾವಿಗೆ ಹೊಂದುವುವು. ಒಂದು ಕುಲುಮೆಯ ಮಟ್ಟಿಗೆ ಅಲಗುಗಳು ನಿಜವಾಗಿಯೂ ಬದಲಿಸಬರತಕ್ಕವು. ಪಕ್ಕದ ಊರಿನ ಕುಲುಮೆಗೆ ಬೇರೆ ಗೂಟ. ಅಲ್ಲಿಗೆ ಈ ನಿಯಮವು ನಿಂತಿತು. ಹಳ್ಳಿಯ ಆಯದ ಪದ್ಧತಿಯಲ್ಲಿ ಇದು ಕೊರತೆಯಾಗಿಯೂ ಕಾಣಲಿಲ್ಲ. ಹೇಗೆಂದರೆ, ರೈತನು ವರ್ಷಕ್ಕೊಮ್ಮೆ ಕಣದಲ್ಲಿ ಧಾನ್ಯವನ್ನಳೆದುಕೊಡುತ್ತಿದ್ದುದು ತನ್ನ ಊರಿನ ಕಮ್ಮಾರನಿಗೆ ಮತ್ತು ಬಡಗಿಗೆ. ಕಾವು ಒಬ್ಬನದು, ಅಲಗು ಇನ್ನೊಬ್ಬನದು. ಇಬ್ಬರೂ ಒಂದೇ ಊರಿನವರು. ಅಳತೆಯನ್ನು ಬರೆದಿಡುವ ಅವಶ್ಯಕತೆಯೇ ಬರಲಿಲ್ಲ.

ಹಾಗಾದರೆ ನಮ್ಮವರಿಗೆ ಅಳತೆಯ ನಿಯಮವು ತಿಳಿದಿರಲಿಲ್ಲವೆ? ಹಾಗೆ ಹೇಳುವುದೂ ಸಾಹಸವೇ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಎಂಟು ಯವಮಧ್ಯಗಳಿಗೆ ಒಂದು ಅಂಗುಲವೆಂದೂ, ೨೪ ಅಂಗುಲಗಳಿಗೆ ಒಂದು ಪ್ರಾಜಾಪತ್ಯ ಹಸ್ತವೆಂದೂ, ಗರಗಸದ ಕೆಲಸದ ಬಡಗಿಯ ಕಿಷ್ಕುವು ೪೨ ಅಂಗುಲವೆಂದೂ, ಕಾಡಿನ ಕುಪ್ಯದ್ರವ್ಯಗಳನ್ನಳೆಯುವ ಹಸ್ತವು ೫೪ ಅಂಗುಲವೆಂದೂ ಹೇಳಿದೆ. ಒಂದೊಂದು ವೃತ್ತಿಗೆ ಒಂದೊಂದು ಅಳತೆಯು ಗೊತ್ತಾಗಿದ್ದಿತು. ಕಾಡುಗೋಡಿಯ ಶಾಸನಕ್ಕೆ ನಾಲ್ಕೇ ವರ್ಷಗಳ ತರುವಾಯ, ೧೦೪೭ರಲ್ಲಿ, ಬಳ್ಳಿಗಾವಿಯಲ್ಲಿ ಗಂಡಭೇರುಂಡಸ್ತಂಭವು ನಿಂತಿತು. ಆ ಊರಿನ ಶಾಸನಗಳಲ್ಲಿ ಭೂಮಿಯನ್ನಳೆಯುವ ಭೇರುಂಡಗಳೆಯ ಹೆಸರು ಬರುತ್ತದೆ. ಭೂಮಿಗೆ ಕಂದಾಯವುಂಟು, ದಾನವುಂಟು, ವ್ಯಾಜ್ಯವುಂಟು; ಆದುದರಿಂದ ಭೂಮಿಯ ಅಳತೆಯು ಹತ್ತು ಜನರೆದುರಿಗೆ ನಿಲ್ಲಬೇಕಾಯಿತು. ಗುದ್ದಲಿಯ ರಂಧ್ರಕ್ಕೆ ವ್ಯಾಜ್ಯವಿಲ್ಲ; ಅದರ ಅಳತೆಯು ಕುಲುಮೆಯ ಮೂಲೆಯಲ್ಲಿಯೇ ಉಳಿಯಿತು. ಇಲ್ಲಿದ್ದ ನ್ಯೂನತೆಯು ಬುದ್ಧಿಯದಲ್ಲ, ಪ್ರಯೋಜನದ್ದು.

ಪಾಶ್ಚಾತ್ಯ ದೇಶಗಳಲ್ಲಿ ಆ ಪ್ರಯೋಜನವು ಮೊದಲು ತಲೆದೋರಿದುದು ಯುದ್ಧದಿಂದ. ಫ್ರಾನ್ಸಿನ ಹೊನೋರೆ ಬ್ಲಾಂಕನು ೧೭೮೫ರಲ್ಲಿ ಬಂದೂಕಿನ ಚಾಪಿನ ಬಿಡಿಭಾಗಗಳನ್ನು ರಾಶಿಹಾಕಿ, ಕೈಗೆ ಸಿಕ್ಕಿದವುಗಳನ್ನೇ ಕೂಡಿಸಿ ತೋರಿಸಿದನು. ಆಗ ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜೆಫರ್ಸನ್ ಅದನ್ನು ಕಂಡು ಮೆಚ್ಚಿದನು. ಇಂಗ್ಲೆಂಡಿನ ವಿಟ್‌ವರ್ತನು ೧೮೪೧ರಲ್ಲಿ ತಿರುಪುಮೊಳೆಯ ಸುತ್ತುಗಳಿಗೆ ೫೫ ಅಂಶಗಳ ಕೋನವನ್ನು ಗೊತ್ತುಮಾಡಿ, ಎಲ್ಲ ಕಾರ್ಖಾನೆಗಳಿಗೂ ಒಂದೇ ಕ್ರಮವಿರಬೇಕೆಂದು ವಾದಿಸಿದನು. ಒಬ್ಬನ ಮೊಳೆಯು ಇನ್ನೊಬ್ಬನ ರಂಧ್ರಕ್ಕೆ ಹೊಂದತೊಡಗಿದುದು ಇಂತಹ ಒಪ್ಪಂದಗಳಿಂದಲೇ. ನಮ್ಮಲ್ಲಿ ೧೯೪೭ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಸ್ಥಾಪಿತವಾಯಿತು. ೧೯೫೩ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯು ಹುಟ್ಟಿತು. ಕಮ್ಮಾರನ ಗೂಟದ ಸ್ಥಾನಕ್ಕೆ ಬರೆದ ಮಾನವು ಬಂದಿತು. ಇಂದು ಕಾಡುಗೋಡಿಯ ಅಂಗಡಿಯಲ್ಲಿ ಒಂದು ಹಿಡಿಗೆ ಹತ್ತಾರು ಮೊನೆಗಳುಳ್ಳ ತಿರುಪುಳಿಯ ಪೆಟ್ಟಿಗೆಯನ್ನು ಕೊಂಡರೆ, ಅದರ ಮೊನೆಗಳ ಷಟ್ಕೋಣದ ಬಾಲವು ಸಾಮಾನ್ಯವಾಗಿ ೬.೩೫ ಮಿಲಿಮೀಟರು, ಎಂದರೆ ಕಾಲು ಅಂಗುಲ, ಅಗಲವಿರುವುದು. ಮೊನೆಯು ಯಾವ ದೇಶದ್ದಾದರೂ ಹಿಡಿಯು ಒಪ್ಪುವುದು.

ಇಲ್ಲಿ ಉಪಕರಣವನ್ನು ಕಲ್ಪಿಸುವವರು ಗಮನಿಸತಕ್ಕ ಅಂಶವೊಂದುಂಟು. ಕೂಟದ ಆಕಾರವು ಬಲದ ಸ್ವಭಾವವನ್ನು ಅನುಸರಿಸುವುದು. ಗುದ್ದಲಿಗೆ ಬರುವುದು ಆಘಾತ. ಆದುದರಿಂದ ಏಟಿನಿಂದಲೇ ಬಿಗಿಯುವ ಇಳಿಜಾರಿನ ಕಾವು ಅದಕ್ಕೆ ತಕ್ಕುದು. ದುಂಡನೆಯ ರಂಧ್ರದಲ್ಲಿ ಅಲಗು ಸುತ್ತಿಕೊಳ್ಳುವ ಭಯವಿರುವುದರಿಂದ ಪಿಕಾಸಿಗೆ ಅಂಡಾಕಾರದ ರಂಧ್ರವನ್ನು ಮಾಡುವುದುಂಟು. ತಿರುಪುಳಿಗೆ ಬರುವುದು ಭ್ರಮಣ. ಅದಕ್ಕೆ ಮೂಲೆಗಳು ಬೇಕು, ಇಳಿಜಾರು ಬೇಡ. ಮೊನೆಯು ಬೀಳದಂತೆ ಒಂದು ಅಯಸ್ಕಾಂತವಿದ್ದರೆ ಸಾಕು. ಬಡಗಿಯ ಬೈರಿಗೆಯು ಕಮಾನಿನ ಎಳೆತಕ್ಕೆ ಎರಡು ಕಡೆಗೂ ತಿರುಗುವುದರಿಂದ ಅದರ ಮೊನೆಯ ಬಾಲವು ಚೌಕವಾಗಿದ್ದರೆ ಜಾರುವುದಿಲ್ಲ. ಒಂದೇ ಹಿಡಿಗೆ ಸುತ್ತಿಗೆಯನ್ನೂ ತಿರುಪುಳಿಯನ್ನೂ ತೊಡಿಸುತ್ತೇನೆನ್ನುವವನು ಎರಡು ಬಗೆಯ ಬಲಗಳಿಗೆ ಒಂದೇ ಕೂಟದಲ್ಲಿ ಉತ್ತರಕೊಡಬೇಕಾಗುವುದು. ಅಂತಹ ಉಪಕರಣಗಳು ಬಹಳ ಬೇಗ ಸಡಿಲವಾಗುವುದರ ಕಾರಣವು ಇಲ್ಲಿಯೇ ಇದೆ. ತೋಟದ ಮುದುಕನ ಮೂರು ಅಲಗುಗಳೂ ಏಟಿನ ಜಾತಿಯವು. ಅವನು ಆ ಮೇರೆಯನ್ನು ಮೀರಲಿಲ್ಲ.

ಇಷ್ಟರಿಂದ ಸಿದ್ಧಾಂತವು ಹೀಗೆ ನಿಲ್ಲುತ್ತದೆ. ಅಲಗನ್ನು ಕಾವಿನಿಂದ ಬೇರ್ಪಡಿಸುವುದು ಈ ನಾಡಿನಲ್ಲಿ ಅತಿ ಪ್ರಾಚೀನ. ಒಂದು ಕುಲುಮೆಯೊಳಗೆ ಅಲಗುಗಳನ್ನು ಬದಲಿಸಿಕೊಳ್ಳುವುದು ಹಳ್ಳಿಯ ಪದ್ಧತಿಯಲ್ಲಿ ಇದ್ದಿತು. ಅಪರಿಚಿತರು ಮಾಡಿದ ಅಲಗು ಅಪರಿಚಿತರ ಕಾವಿಗೆ ಹೊಂದುವುದು ಮಾತ್ರ ಆಧುನಿಕ. ಮೊದಲನೆಯದನ್ನು ನಿರಾಕರಿಸುವವರೂ ಮೂರನೆಯದನ್ನು ಪೂರ್ವಿಕರಿಗೆ ಆರೋಪಿಸುವವರೂ ನಡುವಿನ ಎರಡನೆಯದನ್ನು ನೋಡದೆ ಹೋಗಿದ್ದಾರೆ. ಕಮ್ಮಾರನು ನಿಂತಿರುವುದು ಅಲ್ಲಿಯೇ.

ರಾಜರಾಜ ವೇಳಾನನ ಕೆರೆಯನ್ನು ಅಗೆದವರು ಕಾವನ್ನು ಹೇಗೆ ತೊಡಿಸಿದರೆಂಬುದನ್ನು ಆ ಕಲ್ಲಿನಿಂದ ಓದಲಾಗದು; ಕುಲುಮೆಗಳಲ್ಲಿ ಇನ್ನೂ ಓದಬಹುದು. ಆದರೆ ಆ ಓದಿಗೆ ಕಾಲವು ಹೆಚ್ಚಾಗಿಲ್ಲ. ೨೦೨೩ರ ಮಾರ್ಚಿಯಲ್ಲಿ ಮೆಟ್ರೋ ರೈಲು ಕಾಡುಗೋಡಿಗೆ ಬಂದಿತು. ಅದನ್ನು ಹತ್ತಿ ಆ ಕಡೆಗೆ ಹೋಗಿದ್ದ ನಾನು ಅದೇ ವರ್ಷದಲ್ಲಿ ನಮ್ಮ ಪಾಠಶಾಲೆಯ ಊರಿಗೂ ಹೋಗಿದ್ದೆನು. ಕುಲುಮೆಯಿದ್ದೆಡೆಯಲ್ಲಿ ಮನೆಯೆದ್ದಿದೆ. ಗೂಟವೇನಾಯಿತೆಂದು ಕಮ್ಮಾರನ ಮಗನನ್ನು ಕೇಳಿದೆನು. ಹಳೆಯ ಕಬ್ಬಿಣದವನಿಗೆ ಮಿಕ್ಕ ಸಾಮಾನುಗಳೊಡನೆ ತೂಕಕ್ಕೆ ಹಾಕಿದುದಾಗಿ ಹೇಳಿದನು. ಅವನಲ್ಲಿ ತಪ್ಪಿಲ್ಲ, ಅದನ್ನು ಅಳೆದು ಬರೆದುಕೊಳ್ಳಬೇಕೆಂದು ನಲವತ್ತು ವರ್ಷ ತೋರದೇ ಹೋದುದು ನನಗೆ. ಶಾಸನಗಳ ಪಡಿಯಚ್ಚನ್ನು ತೆಗೆಯಲು ಹಳ್ಳಿಗಳಿಗೆ ಹೋಗುವ ವಿದ್ವಾಂಸರು, ಆ ಊರಿನಲ್ಲಿ ಕುಲುಮೆಯೊಂದು ಉಳಿದಿದ್ದರೆ, ಅಲ್ಲಿಯ ಗೂಟದ ಎರಡು ತುದಿಗಳ ಸುತ್ತಳತೆಯನ್ನೂ ಉದ್ದವನ್ನೂ ಬರೆದುಕೊಂಡು ಬರಬೇಕೆಂದು ಪ್ರಾರ್ಥಿಸುತ್ತೇನೆ. ನೂರು ಊರುಗಳ ಅಳತೆಗಳು ಕೂಡಿದರೆ, ಯಾವ ಸೀಮೆಯ ಅಲಗು ಯಾವ ಸೀಮೆಯ ಕಾವಿಗೆ ಹೊಂದುತ್ತಿದ್ದಿತೆಂಬುದು ತಿಳಿದೀತು.