ಹುಲಿ-ಕುರಿಯಿಂದ ಕಲಿಕೆಯ ಏಣಿಯವರೆಗೆ

ಬೈಲಹೊಂಗಲದಿಂದ ಸವದತ್ತಿಗೆ, ಅಲ್ಲಿಂದ ರಾಮದುರ್ಗಕ್ಕೆ ಹೋಗುವ ದಾರಿಯಲ್ಲಿ ಯಾವ ಹಳ್ಳಿಯಲ್ಲಿ ಇಳಿದರೂ ಊರ ನಡುವೆ ಒಂದು ಕಟ್ಟೆ, ಕಟ್ಟೆಯ ಮೇಲೆ ಕುಳಿತ ನಾಲ್ಕಾರು ಹಿರಿಯರು ಕಣ್ಣಿಗೆ ಬೀಳುತ್ತಾರೆ. ಹಳೆಯ ಕಟ್ಟೆಗಳ ಹಾಸುಗಲ್ಲನ್ನು ಎಂದಾದರೂ ಗಮನಿಸಿದ್ದೀರಾ? ಕೆಲವೆಡೆ ಕಲ್ಲಿನ ಮೇಲೆ ಅಡ್ಡ, ಉದ್ದ, ಓರೆಯಾಗಿ ಗೀರಿದ ಗೆರೆಗಳು ಕಾಣುತ್ತವೆ. ಅವು ಹುಲಿ-ಕುರಿ ಆಟದ ಗೆರೆಗಳು. ಹಂಪಿಯ ಮಂಟಪಗಳ ನೆಲಗಲ್ಲಿನಲ್ಲಿಯೂ ಇಂತಹ ಆಟದ ಮನೆಗಳನ್ನು ಕೊರೆದಿಟ್ಟಿದ್ದಾರೆ.

ಆಟ ಸರಳ. ಒಬ್ಬನ ಕೈಯಲ್ಲಿ ಹುಲಿಗಳು, ಇನ್ನೊಬ್ಬನ ಕೈಯಲ್ಲಿ ಕುರಿಗಳು. ಲೆಕ್ಕ ಊರಿನಿಂದ ಊರಿಗೆ ಬೇರೆಯಾದರೂ ಮೂರು ಹುಲಿ, ಹದಿನೈದು ಕುರಿ ಎಂಬುದು ಪ್ರಸಿದ್ಧವಾದ ಒಂದು ಕ್ರಮ. ಕುರಿಯ ಆಚೆಯ ಮನೆ ಖಾಲಿಯಿದ್ದರೆ ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಆಚೆಯ ಮನೆಯಲ್ಲಿ ಇನ್ನೊಂದು ಕುರಿ ನಿಂತಿದ್ದರೆ ಹುಲಿ ಹಾರಲಾರದು. ಹೀಗೆ ಒಂದರ ಬೆನ್ನಿಗೆ ಒಂದು ನಿಂತ ಕುರಿಗಳು ಕೊನೆಗೆ ಹುಲಿಯನ್ನು ಅಲುಗಾಡದಂತೆ ಕಟ್ಟಿಹಾಕುತ್ತವೆ. ಒಗ್ಗಟ್ಟಿನ ಕುರಿತು ಯಾರೂ ಅಲ್ಲಿ ಪ್ರವಚನ ಮಾಡುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ದನಗಾಹಿ ಬಾಲಕನೂ ಮೂರು ಬಾರಿ ಸೋತ ಮೇಲೆ ತಾನಾಗಿಯೇ ಅದನ್ನು ಕಲಿಯುತ್ತಾನೆ. ಆಟವು ಪಾಠ ಹೇಳುವುದು ತನ್ನ ನಿಯಮದ ಮೂಲಕ. ನಿಯಮ ಬದಲಾದರೆ ಪಾಠವೂ ಬದಲಾಗುತ್ತದೆ. ಯುವಜನರ ನಡುವೆ ಸೇವೆ ಮಾಡುವ ನಾವೆಲ್ಲರೂ ನೆನಪಿಡಬೇಕಾದ ಈ ಮಾತಿಗೆ ಇತಿಹಾಸ ಹಲವು ಸಾಕ್ಷಿಗಳನ್ನು ಒದಗಿಸುತ್ತದೆ.

1831ನೆಯ ವರ್ಷವನ್ನು ನೆನೆಯೋಣ. ಆ ಜನವರಿ 26ರಂದು ಬೈಲಹೊಂಗಲ ಸೀಮೆಯ ವೀರ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಅದೇ ವರ್ಷ ಬ್ರಿಟಿಷರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯದ ಆಡಳಿತವನ್ನು ಕಿತ್ತುಕೊಂಡರು. ಅಧಿಕಾರವಿಲ್ಲದೆ ಸಿಂಹಾಸನದಲ್ಲಿ ಉಳಿದ ಆ ಅರಸರು ಸಾಹಿತ್ಯ, ಚಿತ್ರಕಲೆಗಳೊಂದಿಗೆ ಆಟಗಳ ರಚನೆಗೂ ಮನಸ್ಸು ಕೊಟ್ಟರು. ಅವರ ‘ಶ್ರೀತತ್ತ್ವನಿಧಿ’ ಎಂಬ ಬೃಹತ್ ಗ್ರಂಥದ ಒಂದು ಭಾಗವಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಪಟಗಳನ್ನು ಚಿತ್ರಿಸಲಾಗಿದೆ. ಅವರು ರಚಿಸಿದ ‘ದೇವೀಸಾಯುಜ್ಯ’ ಎಂಬ ಆಟದಲ್ಲಿ ಕಾಯಿಯ ಪಯಣ ಮುಗಿಯುವುದು ದೇವಿಯ ಸನ್ನಿಧಿಯಲ್ಲಿ. ನಮ್ಮ ನಾಡಿನಲ್ಲಿ ಆಟವನ್ನು ಬುದ್ಧಿಪೂರ್ವಕವಾಗಿ ಕಟ್ಟಿದವರ ಸಾಲಿನಲ್ಲಿ ಅವರ ಹೆಸರು ಮೊದಲು ನಿಲ್ಲುತ್ತದೆ.

ಹಾವು-ಏಣಿಯ ಕಥೆಯನ್ನೂ ಕೇಳಿ. ಪರಮಪದ ಸೋಪಾನವೆಂದು ನಮ್ಮ ಹಿರಿಯರು ಕರೆಯುತ್ತಿದ್ದ ಈ ಆಟದ ಪ್ರತಿ ಏಣಿಗೂ ಒಂದು ಸದ್ಗುಣದ ಹೆಸರು, ಪ್ರತಿ ಹಾವಿಗೂ ಒಂದು ದುರ್ಗುಣದ ಹೆಸರು. ಜೈನರು, ವೈಷ್ಣವರು, ಸೂಫಿಗಳು ತಮ್ಮ ತಮ್ಮ ನಂಬಿಕೆಗೆ ತಕ್ಕಂತೆ ಪಟಗಳನ್ನು ಬರೆದುಕೊಂಡರು. ಹಳೆಯ ಪಟಗಳಲ್ಲಿ ಏಣಿಗಳಿಗಿಂತ ಹಾವುಗಳೇ ಹೆಚ್ಚು. ಮೇಲೇರುವುದು ಕಷ್ಟ, ಜಾರುವುದು ಸುಲಭ ಎಂಬ ಅನುಭವ ಅದರಲ್ಲಿ ಅಡಗಿತ್ತು. 1890ರ ದಶಕದಲ್ಲಿ ಇಂಗ್ಲೆಂಡಿಗೆ ಹೋದ ಮೇಲೆ ಆಟ ಕ್ರಮೇಣ ಹಗುರಾಯಿತು; ಗುಣಗಳ ಹೆಸರುಗಳೂ ಅಳಿಸಿಹೋದವು. ಇಂದು ನಮ್ಮ ಮಕ್ಕಳ ಕೈಗೆ ಬಂದಿರುವುದು ಹೆಸರಿಲ್ಲದ ಹಾವು, ಹೆಸರಿಲ್ಲದ ಏಣಿ. ಚಿತ್ರ ಉಳಿಯಿತು, ಅರ್ಥ ಕಳೆಯಿತು.

ಇದಕ್ಕಿಂತ ಕಟುವಾದ ಕಥೆ ಅಮೆರಿಕೆಯದು. ಎಲಿಜಬೆತ್ ಮೇಗಿ ಎಂಬ ಮಹಿಳೆ 1904ರಲ್ಲಿ ‘ಭೂಮಾಲೀಕರ ಆಟ’ ಎಂಬರ್ಥದ ಹೆಸರಿನ ಒಂದು ಆಟಕ್ಕೆ ಹಕ್ಕುಪತ್ರ ಪಡೆದಳು. ಭೂಮಿಯೆಲ್ಲ ಕೆಲವರ ವಶವಾದರೆ ಉಳಿದವರು ಬಾಡಿಗೆ ಕಟ್ಟಿಯೇ ಬಡವರಾಗುತ್ತಾರೆಂದು ತೋರಿಸುವುದು ಅವಳ ಉದ್ದೇಶವಾಗಿತ್ತು. ಸಂಪತ್ತನ್ನು ಎಲ್ಲರೂ ಹಂಚಿಕೊಳ್ಳುವ ನಿಯಮಾವಳಿಯನ್ನೂ ಅವಳು ರೂಪಿಸಿದ್ದಳು. ಆದರೆ 1935ರಲ್ಲಿ ಒಂದು ಕಂಪನಿ ‘ಮೊನೊಪಲಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದ ಆಟದಲ್ಲಿ ಎಲ್ಲರನ್ನೂ ದಿವಾಳಿ ಮಾಡಿದವನೇ ವಿಜಯಿ. ನಮ್ಮ ಮನೆಗಳಲ್ಲಿ ರಜಾ ದಿನಗಳಲ್ಲಿ ಹರಡಿಕೊಳ್ಳುವ ‘ವ್ಯಾಪಾರ’ದ ಹಲಗೆ ಅದರ ವಂಶಕ್ಕೆ ಸೇರಿದ್ದು. ಅನ್ಯಾಯವನ್ನು ಬಯಲು ಮಾಡಲು ಹುಟ್ಟಿದ ಆಟ, ನಿಯಮ ಕಳೆದುಕೊಂಡು, ಅದೇ ಅನ್ಯಾಯವನ್ನು ಸಂಭ್ರಮಿಸುವ ಆಟವಾಯಿತು.

ಧರ್ಮಸಭೆಯ ಇತಿಹಾಸದಲ್ಲಿ ಆಟದ ಬಲವನ್ನು ಚೆನ್ನಾಗಿ ಅರಿತಿದ್ದವರು ಸಂತ ಜಾನ್ ಬಾಸ್ಕೊ. 1815ರಲ್ಲಿ ಇಟಲಿಯ ಬಡ ರೈತ ಕುಟುಂಬದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿಯೇ ಹಗ್ಗದ ಮೇಲೆ ನಡೆಯುವ ದೊಂಬರಾಟವನ್ನು ಕಲಿತು, ನೆರೆಹೊರೆಯವರನ್ನು ಸೇರಿಸಿ, ಆಟದೊಂದಿಗೆ ಪ್ರಾರ್ಥನೆಯನ್ನೂ ನಡೆಸುತ್ತಿದ್ದರು. 1841ರಲ್ಲಿ ಗುರುದೀಕ್ಷೆ ಪಡೆದು ಟ್ಯೂರಿನ್ ನಗರದಲ್ಲಿ ಗಾರೆ ಕೆಲಸದ ಹುಡುಗರನ್ನೂ ಬೀದಿಯ ಮಕ್ಕಳನ್ನೂ ಒಟ್ಟುಗೂಡಿಸಿದಾಗ ದೇವಾಲಯದ ಜೊತೆಗೆ ಆಟದಂಗಳವನ್ನೂ ಅವರಿಗೆ ತೆರೆದಿಟ್ಟರು. ಆ ಅಂಗಳಕ್ಕೆ ಬರಲು ಅಕ್ಷರ ತಿಳಿದಿರಬೇಕೆಂಬ ಕಟ್ಟಳೆ ಇರಲಿಲ್ಲ. ಬಂದವನು ಮೊದಲು ಆಡಿದ, ಆಡುತ್ತ ಸ್ನೇಹಿತನಾದ, ಸ್ನೇಹದಿಂದ ಕಲಿತ. ಇಂದು ನಾವು ಅನೌಪಚಾರಿಕ ಶಿಕ್ಷಣ ಎಂದು ಕರೆಯುವುದನ್ನು ಅವರು ಆ ಹೆಸರಿಲ್ಲದೆಯೇ ನಡೆಸಿದರು.

ಇಷ್ಟೆಲ್ಲ ಓದಿದ್ದರೂ ನಾನು ಒಮ್ಮೆ ಎಡವಿದೆ. ಬಹಳ ವರ್ಷಗಳ ಹಿಂದೆ ಧರ್ಮಕೇಂದ್ರವೊಂದರಲ್ಲಿ ಮಕ್ಕಳಿಗೆ ಬೈಬಲ್ ರಸಪ್ರಶ್ನೆ ಏರ್ಪಡಿಸಿದ್ದೆ. ತಪ್ಪು ಉತ್ತರ ಕೊಟ್ಟವರು ಹೊರಗೆ, ಕೊನೆಗೆ ಉಳಿದವರಿಗೆ ಬಹುಮಾನ. ಇದು ನಾನೇ ಮಾಡಿದ ನಿಯಮ. ತಂದೆತಾಯಿಯೊಡನೆ ಗೋವಾಕ್ಕೆ ಕೂಲಿಗೆ ಹೋಗಿ ಆಗಷ್ಟೇ ಮರಳಿದ್ದ ಒಬ್ಬ ಹುಡುಗ ಮೊದಲ ಪ್ರಶ್ನೆಗೇ ತಪ್ಪಿದ. ಮುಂದಿನ ಒಂದೂವರೆ ಗಂಟೆ ಅವನು ಗೋಡೆಗೆ ಒರಗಿ ಕುಳಿತಿದ್ದ. ಮುಂದಿನ ಭಾನುವಾರ ಜ್ಞಾನೋಪದೇಶಕ್ಕೆ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದಾಗ ಅವನ ತಾಯಿ ಸಿಟ್ಟಿಲ್ಲದೆ ಹೇಳಿದರು: “ಒಂದ ಪ್ರಶ್ನಿಗೆ ಔಟ್ ಆದ ಮ್ಯಾಲ ಅಲ್ಲಿ ಅವಂಗ ಏನ್ ಕೆಲಸ ಇತ್ರೀ ಫಾದರ್?”

ಆ ವಾರದ ಪಾಠ ಕಳೆದುಹೋದ ಕುರಿಯ ಸಾಮತಿಯಾಗಿತ್ತು. ನನ್ನ ಬಾಯಿ ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕುವ ಕುರಿಗಾಹಿಯ ಮಾತನ್ನು ಹೇಳಿತು. ನನ್ನ ಆಟ ತಿಳಿಯದವನನ್ನು ಮೊದಲು ಹೊರಗೆ ಕಳುಹಿಸಿತು. ಮಕ್ಕಳು ನಂಬಿದ್ದು ಆಟವನ್ನು.

ಇದಕ್ಕೆ ಬೇರೆಯಾದ ನಿಯಮವೂ ಸಾಧ್ಯವೆಂದು ನನಗೆ ತೋರಿಸಿಕೊಟ್ಟದ್ದು ನಮ್ಮದೇ ಸರಕಾರಿ ಶಾಲೆಗಳ ‘ನಲಿ-ಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ, ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದ ಶಿಕ್ಷಕರೇ ಇದನ್ನು ಕಟ್ಟಿದರು. 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಒಂದನೆಯ ಮತ್ತು ಎರಡನೆಯ ತರಗತಿಗಳಿಗೆ ಅದು ಹರಡಿತು. ಗೋಡೆಯ ಮೇಲೆ ಕಲಿಕೆಯ ಏಣಿ, ಅದರ ಮೆಟ್ಟಿಲುಗಳಲ್ಲಿ ಚಿತ್ರದ ಗುರುತುಗಳು, ಅವಕ್ಕೆ ಹೊಂದುವ ಕಾರ್ಡುಗಳು. ಪ್ರತಿ ಮಗು ತನ್ನ ಮೆಟ್ಟಿಲನ್ನು ತಾನೇ ಹುಡುಕಿ, ತನ್ನ ವೇಗದಲ್ಲಿ ಏರುತ್ತದೆ. ಸುಗ್ಗಿಗೆಂದೋ ಕೂಲಿಗೆಂದೋ ಊರು ಬಿಟ್ಟು ಹೋದ ಮಗು ಮರಳಿ ಬಂದಾಗ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಏಣಿಯಿದೆ, ನುಂಗುವ ಹಾವಿಲ್ಲ. ಎಲ್ಲ ಶಾಲೆಗಳಲ್ಲಿಯೂ ಅದು ಸಮನಾಗಿ ನಡೆಯಿತೆಂದು ನಾನು ಹೇಳಲಾರೆ. ಆದರೆ ‘ಬಿಟ್ಟಲ್ಲಿಂದ ಆರಂಭಿಸು’ ಎಂಬ ಆ ಒಂದು ನಿಯಮದಲ್ಲಿ ಶುಭಸಂದೇಶದ ಕರುಣೆಯ ಪರಿಮಳವಿದೆ.

ಹಾಗಾದರೆ ನಾವು ಏನು ಮಾಡಬಹುದು? ನಮ್ಮ ಯುವಜನರ ಶಿಬಿರದಲ್ಲಿ ಕಿತ್ತೂರಿನ ಇತಿಹಾಸವನ್ನೇ ಒಂದು ಆಟವಾಗಿ ಕಟ್ಟಬಹುದು. ದೊಡ್ಡ ಹಾಳೆಯೊಂದರ ಮೇಲೆ ಮನೆಗಳು, ಹುಣಸೆ ಬೀಜದ ಕಾಯಿಗಳು, ನಾಲ್ಕು ಕವಡೆಗಳು ಸಾಕು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಮುಂದೆ ಹತನಾದ. ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳು ರಾಣಿ ಚೆನ್ನಮ್ಮನ ಸೆರೆಯಾಳುಗಳಾದರು. ಅವರನ್ನು ಬಿಡುಗಡೆ ಮಾಡಿದರೂ ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ಸೆರೆಯಾಳುಗಳ ಆ ಮನೆಗೆ ಬಂದಾಗ ಕವಡೆ ಹಾಕಬೇಡಿ. ತಂಡದವರೆಲ್ಲ ಕುಳಿತು, ಬಿಡುವುದೋ ಇಟ್ಟುಕೊಳ್ಳುವುದೋ ಎಂದು ಚರ್ಚಿಸಿ, ಕಾರಣ ಹೇಳಿ ಮುಂದೆ ಸಾಗಲಿ. ಕೊಟ್ಟ ಮಾತು, ಶತ್ರುವಿನ ಪ್ರಾಣ, ಮೋಸದ ಭಯ ಇವನ್ನೆಲ್ಲ ಅವರೇ ತೂಗಿನೋಡಲಿ. ಆ ಸೆರೆಯಿಂದ ಬದುಕಿ ಹೋದ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ ಎಂಬುದನ್ನು ಚರ್ಚೆ ಮುಗಿದ ಮೇಲೆ ತಿಳಿಸಿ. ಒಂದು ಜೀವವನ್ನು ಉಳಿಸುವುದೆಂದರೆ ಏನೆಂದು ಅವರು ಆಗ ಯೋಚಿಸುತ್ತಾರೆ.

ಮನೆಯಲ್ಲಿಯೂ ಇದು ಸಾಧ್ಯ. ಕರೆಂಟು ಹೋದ ಒಂದು ಸಂಜೆ ಅಜ್ಜ ಅಥವಾ ಅಜ್ಜಿಯಿಂದ ಚೌಕಾಬಾರದ ಮನೆ ಬರೆಯಿಸಿ. ಹಾವು-ಏಣಿಯ ಪಟದ ಮೇಲೆ ಮಕ್ಕಳಿಂದಲೇ ಗುಣಗಳ ಹೆಸರು ಬರೆಯಿಸಿ. ಯಾವ ಹಾವಿಗೆ ಯಾವ ಹೆಸರು ಎಂದು ಅವರು ವಾದಿಸುವುದನ್ನು ಕೇಳಿರಿ. ನಿಮ್ಮ ಮನೆಯ ಬಗ್ಗೆ ನಿಮಗೇ ಹೊಸದೊಂದು ತಿಳಿದೀತು. ಶಿಬಿರ ನಡೆಸುವ ಯುವಕ ಯುವತಿಯರು ಯಾವ ಆಟಕ್ಕೂ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ಆಟದಲ್ಲಿ ಸೋತ ಮಗು ಎಲ್ಲಿ ಕೂರುತ್ತದೆ?

ಆ ಹುಡುಗ ಕೆಲವು ತಿಂಗಳ ನಂತರ ಮರಳಿ ಬಂದ. ಅಷ್ಟರಲ್ಲಿ ನಿಯಮ ಬದಲಾಗಿತ್ತು. ತಪ್ಪಿದವನಿಗೆ ಪಕ್ಕದವನು ಉತ್ತರ ಕಲಿಸಿದರೆ ಇಬ್ಬರಿಗೂ ಅಂಕ. ಜೆಕರ್ಯ ಪ್ರವಾದಿ ಉದ್ಧಾರಗೊಂಡ ಯೆರೂಸಲೇಮನ್ನು ಕಂಡಾಗ ಅದರ ಬೀದಿಗಳಲ್ಲಿ ಹುಡುಗ ಹುಡುಗಿಯರು ತುಂಬಿ ಆಡುತ್ತಿದ್ದರು. ಆ ದರ್ಶನದಲ್ಲಿ ಗೋಡೆಗೆ ಒರಗಿ ಕುಳಿತ ಮಗುವೊಂದು ಕಾಣುವುದಿಲ್ಲ. ನಮ್ಮ ಧರ್ಮಕೇಂದ್ರಗಳ ಅಂಗಳಗಳೂ ಹಾಗಾಗಲಿ.